ಗಣಕದಲ್ಲಿ ೞಕಾರ

ಹಳಗನ್ನಡದಲ್ಲಿ 'ಬಾಳ್' ಎಂದರೆ ಖಡ್ಗ. 'ಬಾೞ್' ಎಂದರೆ ಬದುಕು. ಈ ಭೇದವನ್ನರಿತೇ ಕೇಶಿರಾಜನು 'ಶಬ್ದಮಣಿದರ್ಪಣ'ದಲ್ಲಿ ರಳ, ಕುಳ, ಕ್ಷಳಗಳನ್ನು ಬೇರ್ಪಡಿಸಿ ನಿರೂಪಿಸಿದನು.

ಜಗತ್ತಿನ ಲಿಪಿಗಳ ಅಕ್ಷರಗಳಿಗೆ ಸಂಖ್ಯೆಗಳನ್ನು ಗೊತ್ತುಪಡಿಸುವ ಯೂನಿಕೋಡ್ ವ್ಯವಸ್ಥೆಯು ೧೯೯೧ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ಥಾನವಿತ್ತಿತು. ೞಕಾರಕ್ಕೂ ಅಲ್ಲಿ ಸಂಖ್ಯೆಯುಂಟು. ಆದರೆ ಅದಕ್ಕೆ ದೊರೆತ ಹೆಸರು 'ಕನ್ನಡ ಅಕ್ಷರ ಎಫ್‌ಎ'! ಇಂಗ್ಲಿಷಿನ 'ಎಫ್' ಧ್ವನಿಯನ್ನು ನಾವು ಬರೆಯುವುದು ಫಕಾರದ ಕೆಳಗೆ ಚುಕ್ಕೆಗಳನ್ನಿಟ್ಟು. ಆ ಚುಕ್ಕೆಗಳ ಚಿಹ್ನೆ ಯೂನಿಕೋಡಿಗೆ ಸೇರಿದ್ದು ೨೦೦೩ರಲ್ಲಿ. ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬುದು ಅಲ್ಲಿಯ ನಿಯಮ. ಆದುದರಿಂದ ತಪ್ಪನ್ನೊಪ್ಪಿ ಉಪನಾಮವೊಂದನ್ನು ಕೊಟ್ಟಿದ್ದಾರೆ. ಮೂಲನಾಮ ಹಾಗೆಯೇ ಉಳಿದಿದೆ.

ಪ್ರಮಾದ ಹಾಸ್ಯಾಸ್ಪದವೇ ಸರಿ. ಆದರೂ ಅದರಿಂದ ಪಾಠ ಕೆಡುವುದಿಲ್ಲ. ಬ್ಯಾಂಕಿನಲ್ಲಿ ಹಣ ಸೇರುವುದು ಖಾತೆಯ ಸಂಖ್ಯೆಗೆ. ಗಣಕವೂ ವ್ಯವಹರಿಸುವುದು ಸಂಖ್ಯೆಯೊಡನೆಯೇ. ತಕ್ಕ ಫಾಂಟ್ ಇದ್ದರೆ ೞಕಾರ ತೆರೆಯ ಮೇಲೆ ಮೂಡುತ್ತದೆ. ಇಲ್ಲವಾದರೆ ಬರಿಯ ಚೌಕ. ಆ ಚೌಕಕ್ಕೆ ಬೆದರಿ ಳಕಾರವನ್ನು ಬೆರಳಚ್ಚಿಸುವ ನಮ್ಮ ರೂಢಿಯೇ ನಿಜವಾದ ದೋಷ. ಫಾಂಟನ್ನು ಬದಲಿಸಿದೊಡನೆ ಚೌಕ ಅಕ್ಷರವಾದೀತು. ಳಕಾರವಾಗಿ ಹೋದ ೞಕಾರವನ್ನು ಮರಳಿ ಪಡೆಯಲು ಮೂಲಪ್ರತಿಯನ್ನೇ ನೋಡಬೇಕು. ಓಲೆಗರಿಗಳ ಭಂಡಾರಗಳಿಂದ ದೂರವಿದ್ದು ಗಣಕದ ಪಾಠವನ್ನೇ ನಂಬಿ ಓದುವ ಮುಂಬಯಿಯ ನಮ್ಮಂಥವರಿಗೆ ಈ ನಷ್ಟವಾದುದೇ ತಿಳಿಯದು.

ಆದುದರಿಂದ, ಹಳಗನ್ನಡ ಪಾಠಗಳನ್ನು ಗಣಕಕ್ಕೇರಿಸುವ ವಿದ್ವಾಂಸರಲ್ಲಿ ನಮ್ಮ ಅರಿಕೆಯಿಷ್ಟೆ: ತೆರೆಯ ಮೇಲೆ ಕಾಣದಿದ್ದರೂ ೞಕಾರವನ್ನೇ ಬರೆಯಿರಿ. ಕವಿ ಬದುಕೆಂದುದನ್ನು ನಾವು ಖಡ್ಗವಾಗಿಸುವುದು ಬೇಡ.