ಛಾಯಾಚಿತ್ರದಲ್ಲಿ ಪೂರ್ವಕಾಲದ ಯೋಧವೇಷ: ಮಧುಗಿರಿ–ಶಿರಾ ಸೀಮೆಯನ್ನು ಕುರಿತ ವಿಚಾರ

ಹಿಂದಿನ ಕಾಲದ ಸೈನಿಕರ ಉಡುಪನ್ನು ಈಗಿನವರು ತೊಟ್ಟು ಹಳೆಯ ಯುದ್ಧಗಳನ್ನು ಅಭಿನಯಿಸುವುದೂ, ಅದನ್ನು ಛಾಯಾಚಿತ್ರದಲ್ಲಿ ಹಿಡಿಯುವುದೂ ಯೂರೋಪು ಅಮೆರಿಕ ಖಂಡಗಳಲ್ಲಿ ಒಂದು ಶಾಸ್ತ್ರದಂತೆ ಬೆಳೆದಿವೆ. ಅಲ್ಲಿ ಅಂಗಿಯ ಗುಂಡಿ, ಹೊಲಿಗೆಯ ದಾರಗಳು ಕೂಡ ಚರ್ಚೆಗೆ ವಿಷಯವಾಗುತ್ತವೆ. ಕನ್ನಡನಾಡಿನಲ್ಲಿ ಇಂಥ ವೇಷಗಳು ದಸರೆಯ ಮೆರವಣಿಗೆಯಲ್ಲಿ, ಕಿತ್ತೂರಿನ ಉತ್ಸವದಲ್ಲಿ, ನಾಟಕ ಚಲಚ್ಚಿತ್ರಗಳಲ್ಲಿ ಕಾಣಬರುತ್ತವೆ. ಅವುಗಳ ಛಾಯಾಚಿತ್ರಗಳಿಗೂ ಕೊರತೆಯಿಲ್ಲ. ಕೊರತೆಯಿರುವುದು ವಿಮರ್ಶೆಗೆ. ಕಾವ್ಯದ ಓಲೆಯ ಪ್ರತಿಯೊಂದು ದೊರೆತರೆ ಲಿಪಿಕಾರನಾರು, ಕಾಲವಾವುದು, ಯಾವ ಪದ್ಯ ಪ್ರಕ್ಷಿಪ್ತ ಎಂದು ವಿದ್ವಾಂಸರು ತಿಂಗಳುಗಟ್ಟಲೆ ವಿಚಾರಿಸುವರು. ಅದೇ ವಿದ್ವಾಂಸರು ಪಾಠಪುಸ್ತಕದಲ್ಲಿ ಅಚ್ಚಾದ ಯೋಧನ ಚಿತ್ರವನ್ನು ಮರುಮಾತಿಲ್ಲದೆ ಒಪ್ಪಿಬಿಡುವರು. ಚಿತ್ರಕ್ಕೂ ಪಾಠಾಂತರವುಂಟೆಂಬುದನ್ನು ಮರೆತುದೇ ಇದಕ್ಕೆ ಕಾರಣ.

ಶ್ರೀರಂಗಪಟ್ಟಣದ ದರಿಯಾ ದೌಲತಿನ ಪಶ್ಚಿಮದ ಗೋಡೆಯ ಮೇಲಿರುವ ಪೊಳ್ಳಿಲೂರಿನ ಕಾಳಗದ ಚಿತ್ರವನ್ನೇ ನೋಡಬಹುದು. ಮೈಸೂರಿನ ಸಿಪಾಯಿಯ ವೇಷವನ್ನು ಕಟ್ಟುವವರು ಮೊದಲು ಓಡುವುದು ಅಲ್ಲಿಗೆ. ಕಾಳಗ ನಡೆದುದು 1780ರ ಸೆಪ್ಟೆಂಬರ್ 10ರಂದು; ಅರಮನೆ ಕಟ್ಟಿದುದು 1784ರಲ್ಲಿ. ಮುಂದೆ ಆ ಚಿತ್ರ ಸುಣ್ಣದ ಕೆಳಗೆ ಮುಚ್ಚಿಹೋಯಿತು. ಪಟ್ಟಣ ಬಿದ್ದ ಮೇಲೆ ಅಲ್ಲಿ ವಾಸವಾಗಿದ್ದ ಆರ್ಥರ್ ವೆಲ್ಲೆಸ್ಲಿ ಅದನ್ನು ಮತ್ತೆ ಬರೆಸಿದನು. ಅದೂ ಮಾಸಿದುದರಿಂದ ಡಾಲ್‌ಹೌಸಿಯ ಆಜ್ಞೆಯಂತೆ 1855ರಲ್ಲಿ ಪುನಃ ಬಣ್ಣ ಬಿದ್ದಿತು. ಸಾಲದುದಕ್ಕೆ, ಅದೇ ಕಾಳಗದ ಕಾಗದದ ಪ್ರತಿಯೊಂದು, ಹತ್ತು ದೊಡ್ಡ ಹಾಳೆಗಳಷ್ಟು ಉದ್ದವಾದುದು, 2022ರಲ್ಲಿ ಲಂಡನಿನ ಹರಾಜಿನಲ್ಲಿ ಮಾರಾಟವಾಯಿತು. ಹೀಗೆ ಒಂದೇ ಕೃತಿಗೆ ಮೂವರು ಲಿಪಿಕಾರರೂ ಒಂದು ಪ್ರತ್ಯಂತರವೂ ಇದ್ದಂತಾಯಿತು. ಆದುದರಿಂದ ಗೋಡೆಯ ಮೇಲಿನ ಒಂದು ರುಮಾಲಿನ ಸುತ್ತು 1780ರದೋ, 1784ರದೋ, 1855ರ ಚಿತ್ರಗಾರನ ನೆನಪಿನದೋ ಎಂಬುದನ್ನು ತೂಗಿನೋಡದೆ ಅದನ್ನು ನಟನ ತಲೆಗೆ ಸುತ್ತುವುದು ಸಲ್ಲದು. ಚಿತ್ರದ ಯೋಗ್ಯತೆಗೆ ಇದರಿಂದ ಕುಂದಿಲ್ಲ. ಕಲೆಯಾಗಿ ಅದು ಅಸಾಧಾರಣವಾದುದು. ಸಾಕ್ಷ್ಯವಾಗಿ ಮಾತ್ರ ಅದನ್ನು ಪಾಟಿಸವಾಲಿಗೆ ಒಳಪಡಿಸಬೇಕು.

ಇಂಗ್ಲೀಷರ ಚಿತ್ರಗಳಲ್ಲಿಯೂ ಇದೇ ವಿವೇಕ ಬೇಕು. ರಾಬರ್ಟ್ ಹೋಮ್ ಎಂಬ ಚಿತ್ರಗಾರನು ಕಾರ್ನ್‌ವಾಲಿಸನ ದಂಡಿನೊಡನೆ ಮೈಸೂರಿನ ಸೀಮೆಗೆ ಬಂದು, ಸಿಪಾಯಿಗಳನ್ನು ಕಣ್ಣಾರೆ ಕಂಡು ಬರೆದನು. ಟಿಪ್ಪುವಿನ ಮಕ್ಕಳನ್ನು ಒತ್ತೆಯಾಗಿ ಒಪ್ಪಿಸಿದ ಪ್ರಸಂಗವನ್ನು ಮೇದರ್ ಬ್ರೌನನೂ ಬರೆದನು. ಆದರೆ ಅವನು ಇಂಡಿಯಾ ದೇಶದ ನೆಲವನ್ನೇ ಮೆಟ್ಟಿದವನಲ್ಲ. 1800ರಲ್ಲಿ ಲಂಡನಿನ ಜನ ದುಡ್ಡು ಕೊಟ್ಟು ನೋಡಿದ, ಸುಮಾರು 120 ಅಡಿ ಉದ್ದದ ಶ್ರೀರಂಗಪಟ್ಟಣದ ಮುತ್ತಿಗೆಯ ಚಿತ್ರವನ್ನು ಬರೆದ ರಾಬರ್ಟ್ ಕರ್ ಪೋರ್ಟರನೂ ಅಂಥವನೇ. ಈ ಮೂವರ ಚಿತ್ರಗಳನ್ನು ಒಂದೇ ತಕ್ಕಡಿಯಲ್ಲಿಟ್ಟು ತೂಗುವವರ ವೇಷಗಳಲ್ಲಿ ಮೈಸೂರಿನ ಸಿಪಾಯಿ ಲಂಡನಿನ ರಂಗಸ್ಥಳದ ತುರುಕನಾಗಿ ಪರಿಣಮಿಸಿದರೆ ಆಶ್ಚರ್ಯವಿಲ್ಲ.

ಇನ್ನು ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಮಾತು. ಈ ವಿಚಾರಕ್ಕೆ ಇದಕ್ಕಿಂತ ಕಠಿಣವಾದ ಒರೆಗಲ್ಲು ದೊರೆಯಲಾರದು. ಏಕೆಂದರೆ ಇಷ್ಟು ಸಣ್ಣ ಸೀಮೆಯಲ್ಲಿ ಇಷ್ಟು ಬಗೆಯ ದಂಡುಗಳು ಬೇರೆಡೆಯಲ್ಲಿ ಓಡಾಡಿದುದು ವಿರಳ. ಶಿರಾ 1687ರಿಂದ ಮೊಗಲರ ಸುಭಾ ಆಗಿದ್ದು, 1761ರಲ್ಲಿ ಹೈದರನ ವಶವಾಯಿತು. ಮಧುಗಿರಿಯ ಬೆಟ್ಟದಲ್ಲಿ ಸೆರೆಯಲ್ಲಿದ್ದ ಬಿದನೂರಿನ ರಾಣಿ ವೀರಮ್ಮಾಜಿಯನ್ನು 1767ರಲ್ಲಿ ಪೇಶ್ವೆ ಮಾಧವರಾಯನ ಮರಾಠರು ಬಿಡಿಸಿದರು. ಕೊರಟಗೆರೆ, ಪಾವಗಡಗಳಲ್ಲಿ ಪಾಳೆಯಗಾರರ ಮನೆತನಗಳಿದ್ದುವು. ಈ ಕೋಟೆಗಳಲ್ಲಿ ಯಾವ ವರ್ಷದ ಕಾಳಗವನ್ನು ಅಭಿನಯಿಸಿದರೂ ಎಲ್ಲರ ಮೈಮೇಲೂ ಹುಲಿಪಟ್ಟೆಯ ಅಂಗಿಯನ್ನೇ ಏರಿಸುವ ಆಸೆ ಹುಟ್ಟುವುದು ಸಹಜ. ಹುಲಿಪಟ್ಟೆ ಕಣ್ಣಿಗೆ ಹಬ್ಬ, ನೋಡುವವರಿಗೆ ಸುಲಭವಾದ ಗುರುತು. ಆದರೆ ಆ ಪಟ್ಟೆ ಟಿಪ್ಪುವಿನ ಆಳಿಕೆಯ, ಎಂದರೆ 1782ರಿಂದ 1799ರವರೆಗಿನ ಚಿಹ್ನೆ. ಅದೂ ಅವನ ಕವಾಯತಿನ ಕಾಲಾಳಿನದು. ಊದಾ ಬಣ್ಣದ ಒರಟು ಬಟ್ಟೆಯಲ್ಲಿ ಬಿಳಿಯ ವಜ್ರಾಕೃತಿಯ ಮಚ್ಚೆಗಳು, ಮೇಲೆ ಕೆಂಪು ರುಮಾಲು ಎಂದು ಆ ಕಾಲದ ಇಂಗ್ಲೀಷರು ವರ್ಣಿಸಿರುವ ಉಡುಪಿಗೂ, ಈಗಿನ ಹಳದಿ ಕಪ್ಪಿನ ಮಿರುಗುವ ಬಟ್ಟೆಗೂ ಇರುವ ಅಂತರ ದೊಡ್ಡದು. ಶಿರಾ ಹೈದರನ ಕೈಸೇರಿದ ದಿನ ಆ ಅಂಗಿಯನ್ನು ತೊಟ್ಟವನು ಕಾಲದಲ್ಲಿ ಇಪ್ಪತ್ತು ವರ್ಷ ಮುಂದಕ್ಕೆ ಹಾರಿದವನು.

ಪಾಳೆಯಗಾರರ ಬಂಟನಿಗೆ ಸಮವಸ್ತ್ರವೇ ಇರಲಿಲ್ಲ. ಮೈಸೂರಿನ ಕಂದಾಚಾರದ ಆಳಿನಂತೆ ಅವನೂ ಊರ ಬೇಸಾಯಗಾರ, ಬೇಡ, ಕುರುಬ. ಮನೆಯ ಪಂಚೆ, ಮನೆಯ ರುಮಾಲು, ಶಿರಾ ಸೀಮೆಯ ಕಂಬಳಿ ಇವೇ ಅವನ ಸರಂಜಾಮು. ಕೈಯಲ್ಲಿ ಈಟಿ, ಕತ್ತಿ, ಇಲ್ಲವೆ ಬತ್ತಿಯ ಬಂದೂಕು. ಇವನನ್ನು ಚಿತ್ರಿಸುವುದೇ ನಿಜವಾದ ಕಷ್ಟ. ಸಮವಸ್ತ್ರವಿರುವಲ್ಲಿ ತಪ್ಪನ್ನು ತೋರಿಸಬಹುದು. ಇಲ್ಲದಿರುವಲ್ಲಿ ಪ್ರತಿಯೊಬ್ಬನೂ ಬೇರೆಯಾಗಿರಬೇಕು, ಯಾರೂ ಹೊಸ ಬಟ್ಟೆಯಲ್ಲಿರಬಾರದು. ಇಪ್ಪತ್ತು ಮಂದಿಗೆ ಒಂದೇ ಥಾನಿನಿಂದ ಹೊಲಿಸಿ, ಇಸ್ತ್ರಿಮಾಡಿ ನಿಲ್ಲಿಸಿದರೆ ಪಾಳೆಯಪಟ್ಟು ಅಲ್ಲಿಗೆ ಮಾಯವಾಗುತ್ತದೆ. ಸಾವಿರ ವರ್ಷ ಹಿಂದಿನ ನೊಳಂಬರ ಕಾಲದ ವೀರಗಲ್ಲಿನ ಶಿಲ್ಪಿಗೆ ಈ ವಿವೇಕವಿತ್ತು: ಗಂಡುಗಚ್ಚೆ, ಬಿಗಿದ ತುರುಬು, ಕೈಯ ಬಿಲ್ಲು ಅಥವಾ ಬಾಕು, ಇವಿಷ್ಟನ್ನು ಕಡೆದು, ಉಳಿದುದನ್ನು ಮೈಯ ಭಂಗಿಗೆ ಬಿಟ್ಟನು.

ಛಾಯಾಗ್ರಾಹಕನ ಕೈಯಿಂದಲೇ ಆಗುವ ತಪ್ಪುಗಳು ಬೇರೆ. ಮುಸಲ್ಮಾನರು ಜಾಮೆಯ ಕಸೆಯನ್ನು ಬಲಕ್ಕೂ ಹಿಂದುಗಳು ಎಡಕ್ಕೂ ಕಟ್ಟುತ್ತಿದ್ದರೆಂಬುದು ಚಿತ್ರಕಲೆಯನ್ನು ಬಲ್ಲವರಿಗೆ ತಿಳಿದ ಸಂಗತಿ. ಅಂದಕ್ಕಾಗಿ ಚಿತ್ರವನ್ನು ಎಡಬಲ ಮಾಡಿ ಅಚ್ಚುಹಾಕಿದರೆ ಸುಬೇದಾರನ ಮತವೇ ಬದಲಾಗುತ್ತದೆ. ಕತ್ತಿ ಬಲಸೊಂಟಕ್ಕೆ ಹೋಗುತ್ತದೆ. ಟಿಪ್ಪುವಿನ ಕವಾಯತಿನ ಸಿಪಾಯಿಯ ಕೈಯಲ್ಲಿ ಇರಬೇಕಾದುದು ಚಕಮಕಿ ಕಲ್ಲಿನ ಬಂದೂಕು; ಬಾಡಿಗೆಗೆ ದೊರೆಯುವುದು ಸಿಡಿತೊಪ್ಪಿಯ ಬಂದೂಕು, ಸೈನ್ಯಗಳಿಗೆ ಅದು ಬಂದುದು ಹತ್ತೊಂಬತ್ತನೆಯ ಶತಮಾನದಲ್ಲಿ. ದೂರದಿಂದ ತೆಗೆದರೆ ಭೇದ ಕಾಣದು, ಹತ್ತಿರದ ಚಿತ್ರದಲ್ಲಿ ಅದು ಕೂಗಿ ಹೇಳುತ್ತದೆ. ಇವೆಲ್ಲಕ್ಕಿಂತ ಮೋಸಗೊಳಿಸುವುದು ಕಂದುಬಣ್ಣದ ಲೇಪ. ಛಾಯಾಚಿತ್ರ ಲೋಕಕ್ಕೆ ಪ್ರಕಟವಾದುದು 1839ರಲ್ಲಿ, ಟಿಪ್ಪು ಮಡಿದು ನಲವತ್ತು ವರ್ಷಗಳಾದ ಮೇಲೆ. ಅವನ ಸಿಪಾಯಿಗೆ ‘ಹಳೆಯ ಛಾಯಾಚಿತ್ರ’ ಎಂಬುದೇ ಅಸಂಭವ. ಅಲ್ಲದೆ ಆ ಮೊದಲ ಕಾಲದ ಗಾಜಿನ ಫಲಕಗಳಿಗೆ ಕೆಂಪು ಬಹುಮಟ್ಟಿಗೆ ಕಪ್ಪಾಗಿ, ನೀಲಿ ಬಹುಮಟ್ಟಿಗೆ ಬಿಳಿಯಾಗಿ ಕಾಣುತ್ತಿತ್ತು; ಕಂದುಬಣ್ಣ ಬಳಿದವರು ಇದನ್ನೂ ಅನುಸರಿಸಿದವರಲ್ಲ. ಬಣ್ಣದ ಚಿತ್ರವನ್ನು ಬಣ್ಣದಲ್ಲಿಯೇ ಬಿಟ್ಟು, ಕೆಳಗೆ ತೆಗೆದ ವರ್ಷವನ್ನೂ ವೇಷಕ್ಕೆ ಆಧಾರವಾದ ಚಿತ್ರವನ್ನೂ ಬರೆಯುವುದು ಪ್ರಾಮಾಣಿಕವಾದ ಮಾರ್ಗ.

ಗುಂಡಿ, ರುಮಾಲುಗಳ ಬಗ್ಗೆ ಇಷ್ಟು ಹಟವೇಕೆಂದು ಕೇಳುವವರಿಗೆ ವೆಲ್ಲೂರು ಉತ್ತರ ಕೊಡುತ್ತದೆ. 1806ರ ಜುಲೈ 10ರಂದು ಅಲ್ಲಿ ಸಿಪಾಯಿಗಳು ದಂಗೆಯೆದ್ದುದಕ್ಕೆ ಇದ್ದ ಕಾರಣಗಳಲ್ಲಿ ಹೊಸ ಮಾದರಿಯ ತೊಪ್ಪಿಗೆ, ಅದರ ಚರ್ಮದ ಗೊಂಡೆ, ಹಣೆಯ ನಾಮ ಕಿವಿಯ ಕಡುಕುಗಳ ನಿಷೇಧ ಇವು ಮುಖ್ಯವಾದುವು. ಯಾವುದನ್ನು ತಲೆಗೆ ಇಡಬಾರದೆಂದು ಪ್ರಾಣ ಕೊಟ್ಟರೋ, ಅದನ್ನೇ ಅವರ ತಲೆಯ ಮೇಲಿಟ್ಟು ಛಾಯಾಚಿತ್ರ ತೆಗೆಯುವುದು ಬರಿಯ ಅಲಂಕಾರದೋಷವಲ್ಲ.

ಈ ಸೀಮೆಯ ಉಡುಪಿಗೆ ಆಧಾರವನ್ನು ಹುಡುಕುವವರು ಶ್ರೀರಂಗಪಟ್ಟಣದಲ್ಲಿಯೇ ನಿಲ್ಲಬೇಕಾಗಿಲ್ಲ. ತುಮಕೂರಿನಿಂದ ಶಿರಾಕ್ಕೆ ಹೋಗುವ ಹೆದ್ದಾರಿಯ ಮಗ್ಗುಲಲ್ಲಿಯೇ ಸೀಬಿಯ ನರಸಿಂಹಸ್ವಾಮಿಯ ಗುಡಿಯಿದೆ. ಕಚೇರಿ ಕೃಷ್ಣಪ್ಪನವರ ಮಕ್ಕಳಾದ ಲಕ್ಷ್ಮೀನರಸಪ್ಪ, ಪುಟ್ಟಣ್ಣ, ನಲ್ಲಪ್ಪ ಎಂಬ ಸಹೋದರರು ಕಟ್ಟಿಸಿದುದು ಅದು. ಅದರ ಮುಖಮಂಟಪದ ಛಾವಣಿಯಲ್ಲಿ ಪುರಾಣದ ಕಥೆಗಳೊಡನೆ ಆಸ್ಥಾನದ ದೃಶ್ಯಗಳೂ ಪಟ್ಟಿಪಟ್ಟಿಯಾಗಿ ಬರೆದಿವೆ. ಅಲ್ಲಿನ ರುಮಾಲು, ನಿಲುವಂಗಿ, ನಡುಕಟ್ಟುಗಳನ್ನು ಮೊಳಕ್ಕೆ ಮೊಳ, ಬಣ್ಣದ ಅಳತೆಪಟ್ಟಿಯನ್ನು ಪಕ್ಕದಲ್ಲಿಟ್ಟು ಛಾಯಾಚಿತ್ರಕ್ಕೆ ಇಳಿಸಿದರೆ, ಮಧುಗಿರಿಯ ಬೆಟ್ಟದ ಮೇಲೆ ವೇಷ ಕಟ್ಟಿ ನಿಲ್ಲುವವನಿಗೆ ಹತ್ತಿರದ ಊರಿನ ದರ್ಜಿಯೇ ಅಂಗಿಯನ್ನು ಹೊಲಿದುಕೊಡಬಲ್ಲನು.