ಶೇವಂತಾ ಸತ್ತ ರಾತ್ರಿ

ದೆವ್ವದ ಧಾರಾವಾಹಿ ನೋಡಿ ಹೆದರಿದವರನ್ನು ಕಂಡಿದ್ದೇನೆ, ನಕ್ಕವರನ್ನೂ ಕಂಡಿದ್ದೇನೆ. ಅತ್ತವರನ್ನು ಕಂಡದ್ದು ಒಮ್ಮೆ ಮಾತ್ರ. ಅದು 2020ರ ಆಗಸ್ಟ್ ತಿಂಗಳು, ಪಾಲಬಾವಿಯಲ್ಲಿ ನಮ್ಮ ಕಾಕಿಯ ತೋಟದ ಮನೆ.

ಕೊರೋನಾ ಕಾಲ. ಚಿಕ್ಕೋಡಿಯಲ್ಲಿ ನಾಲ್ಕು ಗೋಡೆ ನೋಡಿ ನೋಡಿ ಬೇಸತ್ತು ನಾನು ಕಾಕಿಯ ಹತ್ತಿರ ಹೋಗಿ ಕುಳಿತಿದ್ದೆ. ಸುತ್ತ ಆಳೆತ್ತರದ ಕಬ್ಬು. ನೆರೆಮನೆ ಕೂಗಿದರೂ ಕೇಳದಷ್ಟು ದೂರ. ಅಂಥಲ್ಲಿ ರಾತ್ರಿ ಎಲ್ಲರೂ ಮಲಗಿದ ಮೇಲೆ ಕಾಕಿ ದೀಪ ಆರಿಸಿ, ಟಿವಿಯ ದನಿ ಸಣ್ಣದು ಮಾಡಿ, 'ರಾತ್ರೀಸ್ ಖೇಳ್ ಚಾಲೇ' ನೋಡುತ್ತಿದ್ದಳು. ರಾತ್ರಿ ಆಟ ನಡೆಯುತ್ತದೆ ಎಂದು ಅದರ ಅರ್ಥ. ಝೀ ಮರಾಠಿಯವರದು. ಗಡಿಭಾಗದ ಮನೆಗಳಲ್ಲಿ ಸೊಸೆ ಕನ್ನಡ ಧಾರಾವಾಹಿಗೆ, ಅತ್ತೆ ಮರಾಠಿಗೆ ಎಂದು ರಿಮೋಟಿನ ಪಾಲುಪಟ್ಟಿ ಆಗಿರುವುದು ನಿಮಗೂ ಗೊತ್ತಿರಬೇಕು. ಕಾಕಿಯ ತವರು ಮಿರಜ ಕಡೆ. ಧಾರಾವಾಹಿಯ ಮಾತು ಮಾತ್ರ ಕೊಂಕಣದ ಮಾಲವಣಿ; ಅದರಲ್ಲಿ ಅವಳಿಗೂ ಅರ್ಧವೇ ತಿಳಿಯುತ್ತಿತ್ತು, ಬೈಗುಳ ಮಾತ್ರ ಪೂರ್ತಿ.

ನಮ್ಮ ಕಾಲದಲ್ಲಿ ದೂರದರ್ಶನದಲ್ಲಿ ಸದಾನಂದ ಸುವರ್ಣರ 'ಗುಡ್ಡದ ಭೂತ' ಬಂದಿತ್ತು. ಹದಿಮೂರು ಕಂತು. ಹೆದರಿದೆವು, ಮುಗಿಯಿತು. ಆಮೇಲೆ 1995ರಿಂದ ಸೋನಿಯ 'ಆಹಟ್' ಬಂತು. ಅಲ್ಲಿ ಕಥೆಗಳೂ ಮಂದಿಯೂ ಬದಲಾಗುತ್ತಲೇ ಇದ್ದರು. ಹೆಸರು ತಿಳಿಯುವ ಮೊದಲೇ ಸತ್ತವರಿಗಾಗಿ ಯಾರು ಅಳುತ್ತಾರೆ? ದಿನದಿನ ಬರುವ ಧಾರಾವಾಹಿಯ ಸಂಗತಿ ಬೇರೆ. ಅಲ್ಲಿಯ ಮಂದಿ ಒಂದೂವರೆ ವರ್ಷ ನಮ್ಮ ಪಡಸಾಲೆಯಲ್ಲೇ ಇರುತ್ತಾರೆ. ಬೀಗರಾದರೂ ಅಷ್ಟು ಸಲ ಬರುವುದಿಲ್ಲ.

ಈ ಧಾರಾವಾಹಿಯ ಜಾಣತನ ಇನ್ನೊಂದಿದೆ. 2016ರ ಮೊದಲ ಭಾಗ ಶುರುವಾಗುವುದೇ ಮನೆಯ ಯಜಮಾನ ಅಣ್ಣಾ ನಾಯ್ಕನ ಸಾವಿನಿಂದ. 2019ರ ಜನವರಿಯಲ್ಲಿ ಬಂದ ಎರಡನೆಯ ಭಾಗ ಹಿಂದಕ್ಕೆ ಹೋಗಿ ಅವನು ಬದುಕಿದ್ದಾಗಿನ ಕಥೆ ಹೇಳುತ್ತದೆ. ಅಂದರೆ ಯಾರು ಉಳಿಯುವುದಿಲ್ಲ ಎಂಬುದು ನೋಡುವವರಿಗೆ ಮೊದಲೇ ಗೊತ್ತು. ನಮ್ಮ ಬಯಲಾಟದಲ್ಲಿ ಅಭಿಮನ್ಯು ಚಕ್ರವ್ಯೂಹದಿಂದ ಹೊರಗೆ ಬರುವುದಿಲ್ಲವೆಂದು ಗೊತ್ತಿದ್ದೂ ಬೆಳತನಕ ಕೂಡುತ್ತಿದ್ದೆವಲ್ಲ, ಹಾಗೆ. 'ಮುಂದೇನು' ಎಂಬ ಕುತೂಹಲ ತೆಗೆದುಹಾಕಿದರೆ ಉಳಿಯುವುದು ಮನುಷ್ಯರ ಮೇಲಿನ ಮಾಯೆ ಒಂದೇ.

ಮಾಧವ ಅಭ್ಯಂಕರರ ಅಣ್ಣಾ ಕ್ರೂರಿ, ಕಾಮುಕ, ಕೊಲೆಗಡುಕ. ಅವನು ಮನಸ್ಸು ಕೊಟ್ಟ ಪರಸ್ತ್ರೀ ಶೇವಂತಾ. ಆ ಪಾತ್ರ ಮಾಡಿದ ಅಪೂರ್ವಾ ನೇಮಳೇಕರರ ಸೀರೆ, ಮುಡಿದ ಹೂವು, ಕಣ್ಣೋಟ, ಇದಕ್ಕೆಲ್ಲ ಕ್ಯಾಮೆರಾ ಎಷ್ಟು ಹೊತ್ತು ಬೇಕಾದರೂ ಕೊಟ್ಟಿತು. ಹೆಂಡತಿ ಮಾಯಿಗೆ ಕೊಟ್ಟದ್ದು ಅಡಿಗೆಮನೆಯ ಹೊಗೆ. ಶಕುಂತಲಾ ನರೆ ಎಂಬ ನಟಿ ಆ ಹೊಗೆಯಲ್ಲೇ ನಿಂತು ಬರೀ ಮೌನದಿಂದ ಮಾಡಿದ ಅಭಿನಯ ನನಗೆ ಇವರೆಲ್ಲರಿಗಿಂತ ದೊಡ್ಡದೆನಿಸುತ್ತದೆ. ಆದರೆ ಮಂದಿ ಶೇವಂತಾಳ ಹಿಂದೆ ಬಿದ್ದರು. ಇದು ನಮ್ಮ ಮನಸ್ಸಿನ ಆಯ್ಕೆಯೋ, ಕ್ಯಾಮೆರಾದ ಚಾಡಿಯೋ ಎಂದು ನನಗೆ ಸಿಟ್ಟು. ಸಿಟ್ಟಿಗೆ ಮನೆಯದೇ ಕಾರಣವಿತ್ತು. ನಮ್ಮ ಕಾಕಾ ಬೇರೆ ಊರಲ್ಲಿ ಇನ್ನೊಂದು ಮನೆ ಇಟ್ಟಿದ್ದರು. ಇಪ್ಪತ್ತು ವರ್ಷ. ನಮ್ಮ ಮನೆತನದಲ್ಲಿ ಮಾಯಿ ಅಂದರೆ ಕಾಕಿಯೇ.

ಶೇವಂತಾ ಸತ್ತ ಕಂತು ಬಂದ ರಾತ್ರಿ ಆ ಕಾಕಿ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಕಾಕಾ ಹೋದಾಗಲೂ ಅವಳು ಹೀಗೆ ಅತ್ತದ್ದನ್ನು ನಾನು ನೋಡಿರಲಿಲ್ಲ. ನನಗೆ ತಡೆಯಲಾಗಲಿಲ್ಲ.

"ಕಾಕಿ, ಇನ್ನೊಬ್ಬಾಕಿ ಸಂಸಾರ ಹಾಳ ಮಾಡಿದಾಕಿ ಸಲುವಾಗಿ ಅಳ್ತೀಯಲ್ಲ, ಮಾಯಿ ಸಲುವಾಗಿ ಒಂದಿನಾರ ಅತ್ತೀಯೇನು?"

"ಮಾಯಿಗೇನ ಆಗೇದವ್ವಾ? ಮನಿ ಐತಿ, ಮಕ್ಕಳದಾರ. ನಾಳೆ ಸತ್ರ ಹೆಗಲ ಕೊಡೋರದಾರ. ಇಕಿಗೆ ಯಾರದಾರ?" ಅಂದಳು.

ಸ್ವಲ್ಪ ಹೊತ್ತು ಜಾಹೀರಾತು ನೋಡಿದೆವು. ಮತ್ತೆ ತಾನೇ ಹೇಳಿದಳು.

"ನಿಮ್ಮ ಕಾಕಾನ ಆಕಿ ಸತ್ತ ಸುದ್ದಿ ಸಂತಿಯೊಳಗ ಯಾರೋ ಹೇಳಿದ್ರು. ಬಂದು ತಲೀಮ್ಯಾಲ ನೀರ ಹಾಕ್ಕೊಂಡೆ. ಸೂತಕ ಹಿಡಿಯೋರು ಒಬ್ಬರರ ಇರಬೇಕಲ್ಲ. ನೀ ಯಾರ ಮುಂದೂ ಅನಬ್ಯಾಡ."

ಹೆಸರಿಲ್ಲದೆ ಬರೆದಿದ್ದೇನೆ, ಕಾಕಿ ಕ್ಷಮಿಸಲಿ. ಅವಳು ಅತ್ತದ್ದು ಆ ಚೆಲುವೆಗಾಗಿ ಅಲ್ಲ. ಅಳಬೇಕಾದಾಗ ಅಳಲಾಗದ ಒಂದು ಸಾವು ಅವಳಲ್ಲಿ ಬಾಕಿ ಉಳಿದಿತ್ತು. ಅದಕ್ಕೆ ಬಾಗಿಲು ತೆಗೆದದ್ದು ನಾವು ನಗುವ ಒಂದು ದೆವ್ವದ ಧಾರಾವಾಹಿ. ಅದನ್ನು ಬರೆದವರಿಗೆ ಈ ಎಣಿಕೆ ಇತ್ತೆಂದು ನಾನು ಹೇಳಲಾರೆ.

ಅದಕ್ಕೇ ಮುಂದೆ ಅವರು ಮಾಡಿದ ಕೆಲಸ ನನಗೆ ಸೇರಲಿಲ್ಲ. 2021ರ ಮಾರ್ಚಿನಲ್ಲಿ ಮೂರನೆಯ ಭಾಗ ಬಂತು, ಅಣ್ಣಾ ಶೇವಂತಾ ಇಬ್ಬರೂ ದೆವ್ವಗಳಾಗಿ ತಿರುಗಿ ಬಂದರು. ಅಭಿಮಾನಿಗಳಿಗೆ ಖುಷಿ. ಆದರೆ ಹೀಗೆ ವಾಪಸು ಬರುವುದಾದರೆ ಆಗಸ್ಟಿನ ಆ ಕಣ್ಣೀರು ಯಾಕೆ ಬೇಕಿತ್ತು? ಭಯದ ಕಥೆಯಲ್ಲಿ ಸಾವು ಗಟ್ಟಿಯಾಗಿದ್ದರೆ ತಾನೇ ಭಯ? ನಡುವೆ ಅಪೂರ್ವಾ ಧಾರಾವಾಹಿ ಬಿಟ್ಟರು, ಶೇವಂತಾಳ ಪಾತ್ರಕ್ಕೆ ಕೃತಿಕಾ ತುಳಸಕರ ಬಂದರು. ದೆವ್ವದ ಮುಖವೇ ಬದಲಾಯಿತು. ಹೊಸ ನಟಿಯ ತಪ್ಪೇನೂ ಇಲ್ಲ, ಪಾಪ. ಸತ್ತವಳನ್ನು ಸುಮ್ಮನೆ ಬಿಡದವರ ತಪ್ಪು.

ಆ ದಿನಗಳಲ್ಲಿ ಮತ್ತೆ ಪಾಲಬಾವಿಗೆ ಹೋಗಿದ್ದೆ. ರಾತ್ರಿ ಊಟವಾದ ಮೇಲೆ ಕಾಕಿ ಟಿವಿ ಹಚ್ಚಲಿಲ್ಲ, ಅವರೆಕಾಯಿ ಸುಲಿಯುತ್ತ ಕುಳಿತಳು. ನಾನೇ ಕೇಳಿದೆ.

"ಈಗ ನೋಡೂದಿಲ್ಲೇನ ಕಾಕಿ?"

"ಎದಕ್ಕ? ನಾ ಆಕೀದು ನೀರ ಹಾಕ್ಕೊಂಡ ಮುಗಿಸೇನಿ" ಅಂದು, ಬುಟ್ಟಿಯನ್ನು ನನ್ನ ಕಡೆ ಸರಿಸಿದಳು.