ಅಲ್ಪಾಯುಷಿಯಾದ ಒಂದು ನಗೆಕೃತಿ: ‘ಸಿಹಿಕಹಿ’

ಕೃತಿಯು ಕಣ್ಮರೆಯಾಗಿ ಹೆಸರು ಮಾತ್ರ ಉಳಿಯುವುದು ಕನ್ನಡ ಸಾಹಿತ್ಯಚರಿತ್ರೆಯಲ್ಲಿ ಅಪೂರ್ವವಾದ ಸಂಗತಿಯೇನೂ ಅಲ್ಲ. ಒಂದನೆಯ ಗುಣವರ್ಮನ ‘ಶೂದ್ರಕ’ ‘ಹರಿವಂಶ’ಗಳು ಇಡಿಯಾಗಿ ದೊರೆತಿಲ್ಲ, ಮುಂದಿನವರು ತಮ್ಮ ಲಕ್ಷಣಗ್ರಂಥ ಸಂಕಲನಗ್ರಂಥಗಳಲ್ಲಿ ಎತ್ತಿಕೊಂಡ ಕೆಲವು ಪದ್ಯಗಳಿಂದಲೇ ಆತನ ಕವಿತಾಶಕ್ತಿಯನ್ನು ಅಳೆಯಬೇಕಾಗಿದೆ. ಪೊನ್ನನ ‘ಭುವನೈಕರಾಮಾಭ್ಯುದಯ’, ರನ್ನನ ‘ಪರಶುರಾಮಚರಿತ’ಗಳ ಗತಿಯೂ ಹೆಚ್ಚು ಕಡಿಮೆ ಇದೇ. ‘ಕವಿರಾಜಮಾರ್ಗ’ವು ಹೆಸರಿಸುವ ವಿಮಳೋದಯ, ನಾಗಾರ್ಜುನ, ಜಯಬಂಧು, ದುರ್ವಿನೀತರು ನಮ್ಮ ಗದ್ಯದ ಮೊದಲಿಗರೆಂದು ಪಾಠಶಾಲೆಯ ಹುಡುಗನೂ ಹೇಳುವನು, ಅವರ ಕನ್ನಡಗದ್ಯವನ್ನು ಕಂಡವರು ಮಾತ್ರ ಯಾರೂ ಇಲ್ಲ. ಆದರೂ ಚರಿತ್ರಕಾರರು ಈ ಕವಿಗಳಿಗೆ ಸ್ಥಾನವನ್ನು ಕೊಡಲು ಹಿಂಜರಿದಿಲ್ಲ. ಇಷ್ಟು ಔದಾರ್ಯವುಳ್ಳ ವಿದ್ವತ್ಪ್ರಪಂಚವು ನಲ್ವತ್ತು ವರ್ಷಗಳ ಹಿಂದಣ ಒಂದು ನಗೆಕೃತಿಯ ವಿಷಯದಲ್ಲಿ ಮೌನವಾಗಿರುವುದು ಸೋಜಿಗವಾಗಿದೆ. ಆ ಕೃತಿಯು ಬೆಂಗಳೂರು ದೂರದರ್ಶನದಲ್ಲಿ ಪ್ರಸಾರವಾದ ‘ಸಿಹಿಕಹಿ’ ಎಂಬ ಧಾರಾವಾಹಿ.

ಬೆಂಗಳೂರಿನ ದೂರದರ್ಶನಕೇಂದ್ರವು 1981ನೆಯ ನವೆಂಬರ್ 1ರಂದು ಪ್ರಸಾರವನ್ನಾರಂಭಿಸಿತು. ಆ ದಶಕದ ನಡುವಿನಲ್ಲಿ ಬಂದ ‘ಸಿಹಿಕಹಿ’ಯು ಕನ್ನಡ ಧಾರಾವಾಹಿಗಳಲ್ಲಿ ಮೊದಮೊದಲಿನದು. ಚಂದ್ರು, ಗೀತಾ ಎಂಬಿಬ್ಬರು ನಟರು ಅದರಲ್ಲಿ ಗಂಡಹೆಂಡಿರಾಗಿ ಕಾಣಿಸಿಕೊಂಡರು. ವಸ್ತು ಸಂಸಾರದ್ದೇ, ಹೆಸರೇ ಅದನ್ನು ಸಾರುತ್ತದೆ. ಪ್ರಸಾರವು ಮುಗಿಯಿತು, ಧಾರಾವಾಹಿಯು ತೆರೆಯ ಹಿಂದೆ ಸರಿಯಿತು. ಆದರೆ ಅದರ ಹೆಸರು ಆ ಇಬ್ಬರು ನಟರನ್ನು ಬಿಡಲಿಲ್ಲ. ಅಂದಿನಿಂದ ಇಂದಿನವರೆಗೆ ಒಬ್ಬರು ಸಿಹಿಕಹಿ ಚಂದ್ರು, ಇನ್ನೊಬ್ಬರು ಸಿಹಿಕಹಿ ಗೀತಾ. ಕಥೆಯಲ್ಲಿ ದಂಪತಿಗಳಾದವರು ಮುಂದೆ ಬಾಳಿನಲ್ಲಿಯೂ ದಂಪತಿಗಳಾದದ್ದರಿಂದ ಕೃತಿಯ ಹೆಸರು ಮನೆತನದ ಹೆಸರಿನಂತೆಯೇ ನೆಲೆಗೊಂಡಿತು. ಪೂರ್ವದಲ್ಲಿ ರಾಜರು ಕವಿಗಳಿಗೆ ಬಿರುದುಗಳನ್ನು ಕೊಡುತ್ತಿದ್ದರು. ಇಲ್ಲಿ ಬಿರುದನ್ನು ಕೊಟ್ಟವರು ಪೆಟ್ಟಿಗೆಯ ಮುಂದೆ ಚಾಪೆ ಹಾಸಿಕೊಂಡು ಕುಳಿತ ಜನ. ಕೊಟ್ಟುದಕ್ಕೆ ತಾಮ್ರಪಟವಿಲ್ಲ, ಹಿಂದಕ್ಕೆ ತೆಗೆದುಕೊಂಡುದೂ ಇಲ್ಲ.

ಇದರ ಬೆಲೆಯನ್ನರಿಯಲು ಇನ್ನೊಬ್ಬ ಚಂದ್ರುವಿನ ಉದಾಹರಣೆಯನ್ನು ನೋಡಬಹುದು. ಕಲಾಗಂಗೋತ್ರಿ ತಂಡವು 1980ರಲ್ಲಿ ರಂಗಕ್ಕೆ ತಂದ ‘ಮುಖ್ಯಮಂತ್ರಿ’ ನಾಟಕದಿಂದ ಅದರ ನಾಯಕನಟರಿಗೆ ಮುಖ್ಯಮಂತ್ರಿ ಚಂದ್ರು ಎಂಬ ಹೆಸರು ಬಂದಿತು. ಆದರೆ ನಾಟಕವು ಮರಳಿ ಮರಳಿ ಆಡಲ್ಪಡುವ ವಸ್ತು. ‘ಮುಖ್ಯಮಂತ್ರಿ’ಯು ನೂರಾರು ಪ್ರಯೋಗಗಳನ್ನು ಕಂಡು ತಲೆಮಾರಿನಿಂದ ತಲೆಮಾರಿಗೆ ತನ್ನ ಹೆಸರನ್ನು ತಾನೇ ಹೊಸದಾಗಿಸಿಕೊಂಡಿತು. ‘ಸಿಹಿಕಹಿ’ಗೆ ಅಂತಹ ಆಸರೆಯಿರಲಿಲ್ಲ. ಆ ಕಾಲದ ಧಾರಾವಾಹಿಯು ಗೊತ್ತಾದ ವಾರ ಗೊತ್ತಾದ ಹೊತ್ತಿಗೆ ಬಂದು ಹೋಗುತ್ತಿದ್ದಿತು. ಕಂಡವನು ಕಂಡನು, ಊಟಕ್ಕೆ ಎದ್ದವನು ಕಳೆದುಕೊಂಡನು. ಮನೆಯಲ್ಲಿಯೇ ಮುದ್ರಿಸಿಕೊಳ್ಳುವ ಯಂತ್ರವು ಕೆಲವೇ ಶ್ರೀಮಂತರಲ್ಲಿದ್ದಿತು. ಹೀಗೆ ಒಂದೇ ಸಲ ಕಣ್ಣಿಗೆ ಬಿದ್ದುದು ನಾಲ್ಕು ದಶಕಗಳ ಕಾಲ ನಾಲಗೆಯ ಮೇಲೆ ನಿಂತಿದೆಯೆಂದರೆ, ಅದರಲ್ಲಿ ಸತ್ತ್ವವಿದ್ದಿತೆಂಬುದಕ್ಕೆ ಬೇರೆ ಪ್ರಮಾಣವು ಬೇಕಾಗದು.

ಇದಕ್ಕೆ ಒಂದು ಆಕ್ಷೇಪಣೆಯುಂಟು. ಆಗ ಇದ್ದುದು ಒಂದೇ ವಾಹಿನಿ. ಬೇರೆ ಆಯ್ಕೆಯೇ ಇರಲಿಲ್ಲ. ಏನನ್ನು ತೋರಿಸಿದರೂ ಜನ ನೋಡುತ್ತಿದ್ದರು. ನೋಡಿದ್ದು ನೆನಪಿನಲ್ಲಿ ಉಳಿಯಿತು, ಅಷ್ಟೆ ಎಂಬುದು ಆ ಆಕ್ಷೇಪಣೆ. ಇದು ಅರ್ಧಸತ್ಯ. ಅದೇ ವಾಹಿನಿಯಲ್ಲಿ ಅದೇ ಸಂಜೆಗಳಲ್ಲಿ ಬಂದ ಎಷ್ಟೋ ಕಾರ್ಯಕ್ರಮಗಳು ಹೆಸರಿಲ್ಲದೆ ಹೋದವು. ಒಂದೇ ಬಾವಿಯ ನೀರಾದರೂ ಜನ ಒಂದು ಕೊಡದ ರುಚಿಯನ್ನು ಮಾತ್ರ ನೆನೆಯುತ್ತಿದ್ದರೆ ಅದಕ್ಕೆ ಕಾರಣವನ್ನು ಆ ಕೊಡದಲ್ಲಿಯೇ ಹುಡುಕಬೇಕು.

ಕಾರಣವು ರೂಪದಲ್ಲಿದೆಯೆಂದು ತೋರುತ್ತದೆ. ಸಂಸಾರಪ್ರಹಸನವೆಂಬುದು ಕನ್ನಡಕ್ಕೆ ಹೊಸದಲ್ಲ. ಮನೆಯ ನಡುಮನೆಯನ್ನೇ ರಂಗವಾಗಿಸಿ, ಅಲ್ಲಿ ಆಡುವ ಮಾತನ್ನೇ ನಾಟಕದ ಭಾಷೆಯಾಗಿಸಿದ ಕೀರ್ತಿಯು ಟಿ. ಪಿ. ಕೈಲಾಸಂ ಅವರದು. ಧಾರಾವಾಹಿಯ ಪ್ರಹಸನವು ಇದಕ್ಕೆ ಒಂದು ಹೊಸ ನಿಯಮವನ್ನು ಸೇರಿಸಿತು: ಪಾತ್ರಗಳು ಅವೇ, ಮನೆಯು ಅದೇ, ತೊಡಕು ಮಾತ್ರ ವಾರಕ್ಕೊಂದು. ವಾರದ ಕೊನೆಗೆ ತೊಡಕು ಬಿಡಬೇಕು; ಪಾತ್ರಗಳು ಬುದ್ಧಿ ಕಲಿಯಕೂಡದು. ಕಲಿತರೆ ಮುಂದಿನ ವಾರಕ್ಕೆ ನಗೆಯಿಲ್ಲ. ದುರಂತನಾಟಕದಲ್ಲಿ ನಾಯಕನು ಬದಲಾಗದಿದ್ದರೆ ಕೆಡುತ್ತಾನೆ. ಇಲ್ಲಿ ಬದಲಾಗದಿರುವುದೇ ಅವನ ಸೌಭಾಗ್ಯ. ಆದರೆ ಈ ಬದಲಾಗದಿರುವಿಕೆಯನ್ನು ನೋಡುಗರು ಎಷ್ಟು ಕಾಲ ಸಹಿಸಿಯಾರು? ದೂರದರ್ಶನವು ಆಗ ಧಾರಾವಾಹಿಗಳಿಗೆ ಸಾಮಾನ್ಯವಾಗಿ ಹದಿಮೂರು ಕಂತುಗಳ ಲೆಕ್ಕದಲ್ಲಿ ಅನುಮತಿಯನ್ನು ಕೊಡುತ್ತಿದ್ದಿತು. ಅದು ಕಚೇರಿಯ ಕಟ್ಟಳೆ, ಕಲೆಯ ಕಟ್ಟಳೆಯಲ್ಲ. ಹಾಗಿದ್ದರೂ ನಗೆಕೃತಿಗೆ ಅದು ಛಂದಸ್ಸಿನ ಕಟ್ಟಿನಂತೆ ಹಿತವನ್ನೇ ಮಾಡಿತು. ಷಟ್ಪದಿಯಲ್ಲಿ ಏಳನೆಯ ಸಾಲಿಗೆ ಎಡೆಯಿಲ್ಲವೆಂದು ಕವಿಯು ಕೊರಗುವುದಿಲ್ಲ.

ಅಲ್ಪಕಾಲಿಕವಾದುದು ಅಲ್ಪವಾದುದೆಂಬ ಭ್ರಮೆಯನ್ನು ಬಿಡಿಸಲು ಹೊರಗಿನ ಒಂದು ನಿದರ್ಶನವು ಸಾಕು. ಇಂಗ್ಲೆಂಡಿನ ‘ಫಾಲ್ಟಿ ಟವರ್ಸ್’ ಎಂಬ ಪ್ರಹಸನಮಾಲೆಯು 1975ರಲ್ಲಿ ಆರು, 1979ರಲ್ಲಿ ಆರು, ಒಟ್ಟು ಹನ್ನೆರಡೇ ಕಂತುಗಳುಳ್ಳದ್ದು. ಆ ದೇಶದವರು ಅದನ್ನು ತಮ್ಮ ಹಾಸ್ಯದ ಕಳಶವೆಂದು ಹೊಗಳುವರು. ಇನ್ನೂ ನೂರು ಕಂತುಗಳು ಬರಲಿಲ್ಲವೆಂದು ಯಾರೂ ಕೊರತೆಯನ್ನೆಣಿಸಿಲ್ಲ. ಹಾಗೆಂದು ಪರದೇಶದವರು ತಮ್ಮ ನಗೆಯನ್ನು ಜೋಪಾನವಾಗಿ ಕಾಪಾಡಿದರೆಂದೂ ತಿಳಿಯಬೇಕಿಲ್ಲ. ಅಲ್ಲಿನ ‘ಡ್ಯಾಡ್ಸ್ ಆರ್ಮಿ’ಯ ಎರಡನೆಯ ಮಾಲೆಯ ಮೂರು ಕಂತುಗಳು ಇಂದಿಗೂ ಇಲ್ಲ, ಆ ಕಾಲದಲ್ಲಿ ಸುರುಳಿಗಳನ್ನು ಅಳಿಸಿ ಮತ್ತೆ ಬಳಸುತ್ತಿದ್ದರು.

ಇತ್ತ ಕನ್ನಡದಲ್ಲಿ 2000ದ ಡಿಸೆಂಬರಿನಲ್ಲಿ ಈಟಿವಿ ವಾಹಿನಿಯು ಬಂದ ಮೇಲೆ ಸಂಸಾರಪ್ರಹಸನವು ದೀರ್ಘಾಯುವಾಯಿತು. ಸಿಹಿಕಹಿ ಚಂದ್ರು ಅವರೇ ರೂಪಿಸಿದ ‘ಪಾಪ ಪಾಂಡು’ ಸಾವಿರ ಕಂತುಗಳನ್ನು ದಾಟಿತು. ವಿಜಯಪ್ರಸಾದರ ‘ಸಿಲ್ಲಿ ಲಲ್ಲಿ’ಯೂ ಬಹುಕಾಲ ನಡೆಯಿತು. ಇವುಗಳಲ್ಲಿ ನಗೆಯಿಲ್ಲವೆಂದಲ್ಲ. ಚಿದಾನಂದರ ಪಾಂಡು, ಶಾಲಿನಿಯವರ ಶ್ರೀಮತಿ, ರವಿಶಂಕರರ ಡಾಕ್ಟರ್ ವಿಠಲರಾವ್ ಇವರೆಲ್ಲರೂ ಮನೆಮನೆಯ ನೆಂಟರಾದರು. ಆದರೆ ನಿತ್ಯವೂ ಬಂದ ನೆಂಟನಿಗೆ ಆಗುವುದೇ ಇಲ್ಲಿಯೂ ಆಯಿತು. ಒಂದು ಚೇಷ್ಟೆಯು ಹತ್ತನೆಯ ಸಲ ನಗಿಸುವುದು, ನೂರನೆಯ ಸಲ ರೂಢಿಯಾಗುವುದು, ಐನೂರನೆಯ ಸಲ ಬರಿಯ ಸದ್ದಾಗುವುದು. ‘ಪಾಪ ಪಾಂಡು’ವಿನ ಬೇರು ‘ಸಿಹಿಕಹಿ’ಯಲ್ಲಿದೆಯೆಂಬುದು ಒಬ್ಬರೇ ಕಲಾವಿದರು ಎರಡರಲ್ಲಿಯೂ ಇರುವುದರಿಂದಲೇ ಊಹ್ಯವಾಗಿದೆ, ಬೇರನ್ನು ಮರೆತು ಎಲೆಯನ್ನೆಣಿಸುವುದು ವಿಮರ್ಶೆಯ ಲಕ್ಷಣವಲ್ಲ. ಧಾರಾವಾಹಿಗಳ ಮಾತೆತ್ತಿದರೆ ಟಿ. ಎನ್. ಸೀತಾರಾಮರ ‘ಮಾಯಾಮೃಗ’ದಿಂದ (1998) ಚರ್ಚೆಯನ್ನಾರಂಭಿಸುವುದು ವಾಡಿಕೆಯಾಗಿದೆ. ಅದು ಗೌರವಾರ್ಹವಾದ ಕೃತಿಯೇ. ಆದರೆ ಅಳಿಸಿದ ಕೃತಿಗೆ ಮಣೆ, ನಗಿಸಿದ ಕೃತಿಗೆ ಹೊಸ್ತಿಲು ಎಂಬ ಈ ಪಂಕ್ತಿಭೇದವು ನಾಟಕವಿಮರ್ಶೆಯಷ್ಟೇ ಹಳೆಯದು.

ಅದೇ ದೂರದರ್ಶನದ ಇನ್ನೊಂದು ನಗೆಕೃತಿಯಾದ, ರಮೇಶ ಭಟ್ಟರು ನಿರ್ದೇಶಿಸಿದ ‘ಕ್ರೇಜಿ ಕರ್ನಲ್’ಗೂ ಇಂತಹದೇ ಅವಸ್ಥೆ. ಶಂಕರನಾಗರ ಒಡನಾಡಿಯಾಗಿ, ‘ಮಾಲ್ಗುಡಿ ಡೇಸ್’ನಲ್ಲಿಯೂ ಪಾತ್ರ ವಹಿಸಿದ ಈ ನಟರ ಹೆಸರನ್ನು ಹೇಳಿದರೆ ಅಂದಿನವರು ಇಂದಿಗೂ ಕರ್ನಲನನ್ನು ನೆನೆದು ನಗುವರು. ಆ ನಗುವಿನ ಆಚೆಗೆ ಲಿಖಿತವಾದ ವಿಮರ್ಶೆ ಮಾತ್ರ ಬೆಳೆಯಲಿಲ್ಲ.

ಇಲ್ಲಿಯವರೆಗಿನ ಮಾತು ಬೆಂಗಳೂರಿನ ಕಣ್ಣಿನಿಂದ ಆದುದು. ಉತ್ತರದ ಗಡಿಯಲ್ಲಿ ನಿಂತು ನೋಡಿದರೆ ಚಿತ್ರವು ಬೇರೆಯಾಗುವುದು. ದೂರದರ್ಶನವು ಹಳ್ಳಿಗರನ್ನು ಮುಟ್ಟಿದ್ದು ಬೆಂಗಳೂರಿನ ಕೇಂದ್ರಕ್ಕಿಂತ ಮೊದಲು, ಅದೂ ಈ ಕಡೆಯಲ್ಲಿ. 1975ನೆಯ ಆಗಸ್ಟ್ 1ರಿಂದ 1976ನೆಯ ಜುಲೈ 31ರವರೆಗೆ ಅಮೆರಿಕದ ಎಟಿಎಸ್-6 ಉಪಗ್ರಹದ ನೆರವಿನಿಂದ ನಡೆದ ಶಿಕ್ಷಣಪ್ರಯೋಗದಲ್ಲಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಪೆಟ್ಟಿಗೆಗಳನ್ನು ಕೊಡಲಾಯಿತು. ಕರ್ನಾಟಕದ ಪಾಲಿಗೆ ಆರಿಸಿದ ಜಿಲ್ಲೆಗಳು ಅಂದಿನ ಬಿಜಾಪುರ, ಗುಲಬರ್ಗಾ, ರಾಯಚೂರು. ರಾಜಧಾನಿಯು ದೂರದರ್ಶನವನ್ನು ಕಾಣುವ ಆರು ವರ್ಷ ಮೊದಲೇ ಬಿಜಾಪುರದ ಸೀಮೆಯ ರೈತನು ಅದರ ಮುಂದೆ ಕುಳಿತಿದ್ದನು. ಅವನಿಗೆ ದೊರೆತುದು ಒಕ್ಕಲುತನ, ಆರೋಗ್ಯ, ಕುಟುಂಬಯೋಜನೆಗಳ ಪಾಠ. ವರ್ಷ ಮುಗಿಯಿತು, ಉಪಗ್ರಹವು ಹಿಂದಿರುಗಿತು. ಮುಂದೆ ಜಿಲ್ಲಾಸ್ಥಳಗಳಿಗೆ ಬಂದ ಅಲ್ಪಶಕ್ತಿಯ ಪ್ರೇಷಕಗಳು ಮೊದಲಿಗೆ ದಿಲ್ಲಿಯ ಕಾರ್ಯಕ್ರಮವನ್ನೇ ಮರುಪ್ರಸಾರ ಮಾಡುತ್ತಿದ್ದುದರಿಂದ, ಈ ಭಾಗದ ಅನೇಕರಿಗೆ ಸಂಸಾರಪ್ರಹಸನದ ಮೊದಲ ಪರಿಚಯವಾದದ್ದು ಹಿಂದಿಯ ‘ಯೇ ಜೋ ಹೈ ಜಿಂದಗಿ’ಯಿಂದ (1984). ಕನ್ನಡದ ನಗೆಯು ಕನ್ನಡದ ಗಡಿಗೆ ತಡವಾಗಿ ಬಂದಿತು.

ಬಂದಾಗಲೂ ಅದು ಮೈಸೂರು ಬೆಂಗಳೂರುಗಳ ಕನ್ನಡದಲ್ಲಿ ಬಂದಿತು. ಗಂಡಹೆಂಡಿರ ಪ್ರಹಸನದಲ್ಲಿ ದಕ್ಷಿಣದ ಹೆಂಡತಿಯು ಕೂಗುವ ‘ರೀ’ ಎಂಬ ಒಂದಕ್ಷರದಲ್ಲಿಯೇ ಅರ್ಧ ನಾಟಕವಡಗಿದೆ. ಅದನ್ನು ಎಳೆದರೆ ಮುದ್ದು, ಮೊಟಕುಮಾಡಿದರೆ ಮುನಿಸು, ಏರಿಸಿದರೆ ಯುದ್ಧ. ವಿಜಯಪುರದ ಕಿವಿಗೆ ಈ ‘ರೀ’ ಬೇರೆಯೇ ಆಗಿ ಕೇಳುವುದು. ಅಲ್ಲಿ ‘ಬರ್ರಿ’ ‘ಕೂಡ್ರಿ’ ‘ಹೌದ್ರಿ’ ಎಂದು ಎಲ್ಲರಿಗೂ ಎಲ್ಲ ಮಾತಿಗೂ ಅದು ಮರ್ಯಾದೆಯ ಬಾಲ; ಗಂಡನೊಬ್ಬನ ಸೊತ್ತಲ್ಲ. ಹೀಗೆ ಅಲ್ಲಿನವರು ನಕ್ಕರೂ ಅದು ಕಿಟಕಿಯಾಚೆಗಿನ ಮನೆಯನ್ನು ನೋಡಿ ನಕ್ಕ ನಗು. ತಮ್ಮ ಮನೆಯ ನಗುವು ಅವರಲ್ಲಿ ಇರಲಿಲ್ಲವೆಂದಲ್ಲ. ಒಂದು ಹೂವಿಗಾಗಿ ರುಕ್ಮಿಣಿ ಸತ್ಯಭಾಮೆಯರ ನಡುವೆ ಸಿಕ್ಕಿ ಕೃಷ್ಣನು ಪಡುವ ಪಾಡನ್ನು ರಾತ್ರಿಯಿಡೀ ಹಾಡಿ ಆಡುವ ‘ಶ್ರೀಕೃಷ್ಣಪಾರಿಜಾತ’ವು ಈ ಸೀಮೆಯ ಬಯಲಾಟ, ಅದರ ದೂತಿಯೂ ಭಾಗವತನೂ ಆಡುವ ಚಾಟೂಕ್ತಿಗಳು ಯಾವ ಪ್ರಹಸನಕ್ಕೂ ಕಡಿಮೆಯವಲ್ಲ. ‘ಹರಿಜನ್ವಾರ’ದಲ್ಲಿ ಮನೆಯೊಳಗಿನ ಡಾಂಭಿಕತೆಯನ್ನು ಚುಚ್ಚಿದ ಶ್ರೀರಂಗರು (1904–1984) ಹುಟ್ಟಿದ ಅಗರಖೇಡವು ಇದೇ ಜಿಲ್ಲೆಯದು. ಇಷ್ಟು ಬಂಡವಾಳವಿದ್ದೂ ಕಿರುತೆರೆಯ ಹಾಸ್ಯದಲ್ಲಿ ಉತ್ತರದ ಮಾತಿಗೆ ಸಾಮಾನ್ಯವಾಗಿ ದೊರೆತುದು ಬದಿಯ ಪಾತ್ರ, ನಗುವುದಕ್ಕಿಂತ ನಗೆಗೀಡಾಗುವ ಪಾತ್ರ. ‘ಸಿಹಿಕಹಿ’ಯನ್ನು ಮೆಚ್ಚುವವರು ಈ ಕಹಿಯನ್ನೂ ಒಪ್ಪಿಕೊಳ್ಳಬೇಕು.

ವಿಜಯಪುರದ ಪಶ್ಚಿಮಕ್ಕೆ ತಿಕೋಟಾ ತಾಲ್ಲೂಕಿನಲ್ಲಿರುವ ಹೊನವಾಡವು ಶಾಸನಾಭ್ಯಾಸಿಗಳಿಗೆ ಪರಿಚಿತವಾದ ಊರು. ಚಾಲುಕ್ಯ ಒಂದನೆಯ ಸೋಮೇಶ್ವರನ ಕಾಲದ, ಕ್ರಿ. ಶ. 1054ರ ಅಲ್ಲಿನ ಶಾಸನದಲ್ಲಿ ಊರಿನ ಹೆಸರು ‘ಪೊನ್ನವಾಡ’. ಅದು ರಾಣಿ ಕೇತಲದೇವಿಯ ಆಡಳಿತದಲ್ಲಿದ್ದ ಅಗ್ರಹಾರ. ಅಲ್ಲಿ ಚಾಂಕಿರಾಜನು ತ್ರಿಭುವನತಿಲಕವೆಂಬ ಜಿನಾಲಯವನ್ನು ಮಾಡಿಸಿದನು. ಸುಮಾರು 970 ವರ್ಷಗಳ ಹಿಂದೆ ಯಾರು ಯಾರಿಗೆ ಏನನ್ನು ಬಿಟ್ಟುಕೊಟ್ಟರೆಂಬುದು ಇಂದು ಓದಲು ದೊರೆಯುತ್ತದೆ. ಅದೇ ಊರಿನಲ್ಲಿ ನಲ್ವತ್ತು ವರ್ಷಗಳ ಹಿಂದೆ ಜನ ಯಾವುದಕ್ಕೆ ನಕ್ಕರೆಂಬುದು ಎಲ್ಲಿಯೂ ಬರೆದಿಲ್ಲ. ಪೊನ್ನು ಹೊನ್ನಾಗಿ, ಹೊನ್ನಿನ ಒಂದು ನಕಾರವೂ ಸವೆದು ‘ಹೊನವಾಡ’ವಾಯಿತು, ಹೆಸರು ಉಳಿಯಿತು, ಒಳಗಿನ ಚಿನ್ನವು ಮಾತಾಡುವವರಿಗೆ ಕಾಣದಾಯಿತು. ‘ಸಿಹಿಕಹಿ’ಗೂ ಈ ವಿಕಾರವು ಆರಂಭವಾಗಿದೆ. ಚಂದ್ರು ಅವರು ‘ಬೊಂಬಾಟ್ ಭೋಜನ’ದಂತಹ ಅಡುಗೆಯ ಕಾರ್ಯಕ್ರಮಗಳಿಂದ ಹೆಸರಾದ ಮೇಲೆ ಹುಟ್ಟಿದ ಮಕ್ಕಳು, ಸಿಹಿಯೂ ಕಹಿಯೂ ಅಡುಗೆಮನೆಯಿಂದಲೇ ಬಂದ ಬಿರುದೆಂದು ತಿಳಿದರೆ ಅವರ ತಪ್ಪಲ್ಲ. ಇನ್ನೊಂದು ತಲೆಮಾರಿಗೆ ಆ ವ್ಯುತ್ಪತ್ತಿಯೇ ಸ್ಥಿರವಾದೀತು.

ಅಷ್ಟರೊಳಗೆ ಮಾಡಬಹುದಾದ ಕೆಲಸವೊಂದುಂಟು. ಅದಕ್ಕೆ ಮೇಲ್ಪಂಕ್ತಿಯೂ ಇದೇ ಜಿಲ್ಲೆಯಲ್ಲಿದೆ. ಹಲಸಂಗಿಯ ಗೆಳೆಯರು ಬೀಸುವ ಕಲ್ಲಿನ ಬಳಿ ಕುಳಿತ ತಾಯಂದಿರ ನೆನಪಿನಿಂದ ತ್ರಿಪದಿಗಳನ್ನು ಬರೆದುಕೊಂಡು 1931ರಲ್ಲಿ ‘ಗರತಿಯ ಹಾಡು’ಗಳನ್ನು ಅಚ್ಚಿಗೆ ತಂದರು. ಅವರ ಮುಂದೆ ಓಲೆಗರಿಯಿರಲಿಲ್ಲ, ಕಲ್ಲಿರಲಿಲ್ಲ. ಇದ್ದುದು ಬಾಯಿ ಮಾತ್ರ. ಗುಣವರ್ಮನನ್ನು ಕಂಡವರು ಇಲ್ಲ. ‘ಸಿಹಿಕಹಿ’ಯನ್ನು ಕಂಡವರು ಊರೂರಿನಲ್ಲಿದ್ದಾರೆ, ಅದರಲ್ಲಿ ನಟಿಸಿದವರೂ ಇದ್ದಾರೆ. ಇಂತಹ ನೆನಪಿನಲ್ಲಿ ಸಕ್ಕರೆಯು ಹೆಚ್ಚಾಗಿರುವುದು ಸಹಜ: ಯೌವನದ ಸಂಜೆ, ನೆರೆಮನೆಯ ಪೆಟ್ಟಿಗೆ, ಈಗಿಲ್ಲದ ಹಿರಿಯರ ನಗು ಎಲ್ಲವೂ ಕೃತಿಯ ಲೆಕ್ಕಕ್ಕೆ ಜಮೆಯಾಗಿರುತ್ತವೆ. ಒಬ್ಬರು ಹೇಳಿದ ಸನ್ನಿವೇಶವನ್ನು ಇನ್ನಿಬ್ಬರ ಮಾತಿನೊಡನೆ ತಾಳೆನೋಡಿ, ಪಾಠಾಂತರಗಳನ್ನು ಗುರುತಿಸಿ, ಬೇರೆ ಧಾರಾವಾಹಿಯಿಂದ ಬಂದು ಸೇರಿದ ಪ್ರಕ್ಷಿಪ್ತಗಳನ್ನು ತೆಗೆಯಬೇಕಾಗುವುದು. ನೋಡಿದವರು ಬೆಂಗಳೂರಿನವರೋ, ವಿಜಯಪುರದವರೋ, ನಕ್ಕದ್ದು ಯಾವ ಮಾತಿಗೆ, ಅರ್ಥವಾಗದೆ ಬಿಟ್ಟದ್ದು ಯಾವುದನ್ನು ಎಂಬುದನ್ನೂ ಬರೆದಿಡಬೇಕು. ಹಸ್ತಪ್ರತಿಗಳ ಶೋಧನೆಯಲ್ಲಿ ನುರಿತವರಿಗೆ ಇದು ಹೊಸ ವಿದ್ಯೆಯಲ್ಲ. ಪ್ರತಿಗಳು ಮಾತ್ರ ಈ ಸಲ ಜೀವಂತವಾಗಿವೆ, ಅವುಗಳ ವಯಸ್ಸು ಅರುವತ್ತನ್ನು ದಾಟುತ್ತಿದೆ.